ಪರಸಿ ಗೋಡೆಯ ಸುಣ್ಣ

ಶಶಿಕುಮಾರ್ ಕ್ಯಾನಿನ ಮುಚ್ಚಳ ತಿರುಗಿಸಿದ ಕೂಡಲೇ ಆ ಘಾಟು ಸುಮಂಗಲಾಳ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಪೊರಕೆಯನ್ನು ಅಲ್ಲೇ ಬಿಸಾಡಿ ಓಡಿದಳು.

"ಬ್ಯಾಡ್ರೀ ಸರ್! ಆ ಕಲ್ಲಿಗೆ ಅದನ್ನ ಹಾಕಬ್ಯಾಡ್ರಿ!"

ಅಷ್ಟರಲ್ಲಿ ಅವನು ಒಂದು ಲೋಟದಷ್ಟು ಆ್ಯಸಿಡ್ ಅನ್ನು ಗೋಡೆಯ ಮೂಲೆಗೆ ಎರಚಿಯಾಗಿತ್ತು. ಕಲ್ಲಿನ ಮೇಲೆ ಹೆಪ್ಪುಗಟ್ಟಿದ್ದ ಬಿಳಿ ಪದರ ಬುಸ್ಸೆಂದು ನೊರೆಯೆದ್ದಿತು. ಒಂದೆರಡು ನಿಮಿಷಕ್ಕೆ ನೊರೆ ಇಳಿಯಿತು, ಬಿಳಿ ಮಾಯವಾಗಿತ್ತು.

"ನೋಡಿ ಮೇಡಂ, ಹೋಯ್ತು," ಎಂದು ಶಶಿಕುಮಾರ್ ಹಿಂದೆ ನಿಂತಿದ್ದವರ ಕಡೆ ತಿರುಗಿ ನಕ್ಕ. "ಇಡೀ ಗೋಡೆ ಒಂದೇ ದಿನದ ಕೆಲಸ."

ಸುಮಂಗಲಾ ಬಕೆಟ್‌ಗಟ್ಟಲೆ ನೀರು ಸುರಿದು ಆ ಜಾಗ ತೊಳೆದಳು. ಆಮೇಲೆ ಕೈಯಿಟ್ಟು ನೋಡಿದಳು. ಅಕ್ಕಪಕ್ಕದ ಕಲ್ಲು ನುಣ್ಣಗೆ, ಮಳೆಮೋಡದಂತೆ ಕಪ್ಪುನೀಲಿ. ಆ್ಯಸಿಡ್ ಬಿದ್ದ ಜಾಗ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ, ಮರಳು ಕಾಗದದ ಹಾಗೆ ತರಿತರಿಯಾಗಿತ್ತು.

"ಬಿಳೀದೂ ಹೋತು, ಕಲ್ಲೂ ಹೋತ್ರಿ," ಎಂದಳು.

ವರ್ತೂರಿನ ಈ ಅಪಾರ್ಟ್‌ಮೆಂಟಿನಲ್ಲಿ ಸುಮಂಗಲಾ ಕಸ ಗುಡಿಸುವ, ನೆಲ ಒರೆಸುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆರು ತಿಂಗಳಿಂದ ಈಜುಕೊಳದ ಸುತ್ತಣ ಜಾಗ ಅವಳ ಪಾಲಿನದು. ಕೊಳದ ಮೂಡಣ ಬದಿಗೆ ಅರವತ್ತು ಅಡಿ ಉದ್ದದ, ಸೊಂಟದೆತ್ತರದ ಕಲ್ಲಿನ ಗೋಡೆ. ಅದರ ಹಿಂದೆ ಮಣ್ಣು ತುಂಬಿ ಹೂಗಿಡ ಬೆಳೆಸಿದ್ದರು. ಮುಂದೆ, ಗೋಡೆಯ ಬುಡದಲ್ಲಿ, ಮಕ್ಕಳು ಕೂರುವ ಕಲ್ಲಿನ ಕಟ್ಟೆ. ಆ ಗೋಡೆಯ ಸಂದುಗಳಿಂದ ಯಾರೋ ಹಾಲು ಚೆಲ್ಲಿದಂತೆ ಬಿಳಿ ಸುಣ್ಣ ಇಳಿದು, ಒಣಗಿ, ಪದರದ ಮೇಲೆ ಪದರ ಕೂತು, ಕಟ್ಟೆಯ ಮೇಲೆಲ್ಲ ಗಂಟುಗಂಟಾಗಿ ಬೆಳೆದಿತ್ತು. ಹೋದ ಭಾನುವಾರ ಒಬ್ಬ ಹುಡುಗಿಯ ಹಿಮ್ಮಡಿಗೆ ಆ ಗಂಟು ತಾಗಿ ಮೂರು ಹೊಲಿಗೆ ಬಿದ್ದಿತ್ತು. ಈ ಭಾನುವಾರ ಅಲ್ಲಿ ಈಜು ಸ್ಪರ್ಧೆ. ಸುತ್ತಲಿನ ಆರು ಅಪಾರ್ಟ್‌ಮೆಂಟುಗಳಿಂದ ಎಂಬತ್ತಕ್ಕೂ ಹೆಚ್ಚು ಮಕ್ಕಳು ಬರುವವರಿದ್ದರು. ಇವತ್ತು ಬುಧವಾರ.

ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷೆ ಅನುಸೂಯಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ, ಬೂದಿ ಬಣ್ಣದ ಆ ಕಲೆಯನ್ನು ತಾವೂ ಮುಟ್ಟಿ ನೋಡಿದರು.

"ನಿನಗೆ ಕಲ್ಲಿನ ವಿಷಯ ಗೊತ್ತೇನಮ್ಮ?"

"ಬಾಗಲಕೋಟಿ ಕಡೆ ಕಲ್ಲು ಪಾಲಿಶ್ ಮಾಡೋ ಶೆಡ್‌ನ್ಯಾಗ ಎಂಟು ವರ್ಷ ದುಡದೇನ್ರಿ. ನೀವು ಕಡಪ ಅಂತೀರಿ, ನಾವು ಪರಸಿ ಅಂತೀವಿ. ಇದು ಗ್ರಾನೈಟ್ ಅಲ್ರಿ. ಈ ಕಲ್ಲಿನ ಜೀವಾನೂ ಸುಣ್ಣಾನ, ಮ್ಯಾಲಿನ ಬಿಳಿ ಪದರದ ಜೀವಾನೂ ಸುಣ್ಣಾನ. ಯಾವುದನ್ನ ತಿನ್ನಬೇಕು, ಯಾವುದನ್ನ ಬಿಡಬೇಕು ಅಂತ ಆಸಿಡ್‌ಗೆ ಹೆಂಗ ಗೊತ್ತಾಗ್ಬೇಕ್ರಿ?"

ಈಜು ಕಲಿಸುವ ರಕ್ಷಿತಾ ಮೂಗಿಗೆ ಟವೆಲ್ ಹಿಡಿದು ಕೆಮ್ಮುತ್ತಿದ್ದಳು. "ಮೇಡಂ, ಇದು ಪೂಲ್ ನೀರಿಗೆ ಬಿದ್ರೆ ಕ್ಲೋರಿನ್ ಜೊತೆ ಸೇರಿ ಇನ್ನೇನೋ ಆಗುತ್ತೆ. ಮಕ್ಕಳಿರೋ ಜಾಗ. ನನಗಂತೂ ಇದು ಬೇಡ."

"ಹಾಗಾದ್ರೆ ಮಷೀನ್ ಹಾಕಿ ಉಜ್ಜಿಸ್ತೀನಿ, ಮೇಲೆ ಪೇಂಟ್ ಹೊಡಿಸ್ತೀನಿ," ಎಂದ ಶಶಿಕುಮಾರ್. ರಿಪೇರಿ ಕೆಲಸಗಳ ಗುತ್ತಿಗೆದಾರ ಅವನು. ಯಾವ ಮಾತಿಗೂ ಅವನ ಹತ್ತಿರ ಇನ್ನೊಂದು ದಾರಿ ಸಿದ್ಧ.

ಕಟ್ಟಡದ ಮ್ಯಾನೇಜರ್ ನರೇಶ್ ತಲೆ ಕೆರೆದುಕೊಂಡ. "ಈ ವರ್ಷ ಎರಡು ಸಲ ಉಜ್ಜಿಸಿದ್ದೀವಿ ಮೇಡಂ. ಎರಡೇ ತಿಂಗಳಿಗೆ ಮತ್ತೆ ಬಂದ್ಬಿಡುತ್ತೆ. ನಮ್ಮ ಬೋರ್ ನೀರು ಗಡಸು ಅಲ್ವಾ, ಅದಕ್ಕೇ."

ಸುಮಂಗಲಾ ಕೊಳದ ಆ ಬದಿಗೆ ನೋಡಿದಳು, ಈ ಬದಿಗೆ ನೋಡಿದಳು. ದಿನಾ ಒರೆಸುವ ಜಾಗ. ಆದರೂ ಇಷ್ಟು ದಿನ ಹೊಳೆಯದ ಮಾತು ಈಗ ಬಾಯಿಗೆ ಬಂತು.

"ಪೂಲಿನ ನೀರಿನಿಂದ ಆಗಿದ್ರ ಪಡುವಣ ಬದಿಗೂ ಆಗಬೇಕಿತ್ತಲ್ರಿ? ಅಲ್ಲೂ ಅದೇ ಕಲ್ಲು, ಅಲ್ಲೂ ಅದೇ ನೀರು ಸಿಡೀತೈತಿ. ಅಲ್ಲಿ ಕನ್ನಡಿ ಹಂಗ ಐತ್ರಿ. ಇಲ್ಲಿ ಅಷ್ಟೇ ಯಾಕ?"

ಅನುಸೂಯಮ್ಮ ಗಡಿಯಾರ ನೋಡಿಕೊಂಡರು. "ಸಂಜೆ ಐದರವರೆಗೆ ನಿನಗೆ ಬಿಡ್ತೀನಿ ಸುಮಂಗಲಾ. ಈ ಸುಣ್ಣ ಎಲ್ಲಿಂದ ಬರುತ್ತೆ ಅಂತ ತೋರಿಸು. ಆಗಲಿಲ್ಲ ಅಂದ್ರೆ ಶಶಿಕುಮಾರ್ ಹೇಳಿದ ಹಾಗೆ ಮಷೀನೇ ಗತಿ. ಸ್ಪರ್ಧೆ ಮುಂದಕ್ಕೆ ಹಾಕೋಕಾಗಲ್ಲ."

ಎಲ್ಲರೂ ಹೋದ ಮೇಲೆ ಸುಮಂಗಲಾ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎರಡು ವರ್ಷದಲ್ಲಿ ಈ ಅಪಾರ್ಟ್‌ಮೆಂಟಿನಲ್ಲಿ ಅವಳು ಹತ್ತು ಮಾತು ಆಡಿರಲಿಲ್ಲ. ಇವತ್ತು ಅಧ್ಯಕ್ಷೆಯ ಎದುರಿಗೇ ವಾದ ಮಾಡಿಬಿಟ್ಟಿದ್ದಳು. ನರೇಶನಿಂದ ಒಂದು ಚಪ್ಪಟೆ ಉಳಿ ಇಸಿದುಕೊಂಡು, ಬಿಳಿ ಪದರದ ಅಂಚಿಗೆ ಮಲಗಿಸಿ ಹಿಡಿದು, ಮೆಲ್ಲಗೆ ತಟ್ಟಿದಳು. ರೊಟ್ಟಿಯ ಹಕ್ಕಳೆಯಂತೆ ಒಂದು ಚೂರು ಎದ್ದು ಬಂತು. ಕೆಳಗೆ ಕಲ್ಲು ಹಸಿಹಸಿಯಾಗಿ ಮಿಂಚಿತು. ಅದರೊಳಗೆ ಒಂದು ಬಿಳಿಯ ನರ ಹಾವಿನಂತೆ ಹರಿದಿತ್ತು. ಶೆಡ್ಡಿನ ದಿನಗಳಲ್ಲಿ ಇಂಥ ನರ ಕಂಡಾಗಲೆಲ್ಲ ಹೆಂಗಸರು ಒಬ್ಬರನ್ನೊಬ್ಬರು ಕೂಗಿ ಕರೆದು ತೋರಿಸುತ್ತಿದ್ದರು. ಅವಳಿಗೆ ಈಗಲೂ ಕೂಗಬೇಕೆನಿಸಿತು. ಹತ್ತಿರ ಯಾರೂ ಇರಲಿಲ್ಲ.

ಮತ್ತೆ ತಟ್ಟುವಾಗ ಅವಸರ ಮಾಡಿದಳು. ಸುಣ್ಣದ ಚೂಪು ಅಂಚು ತೋರುಬೆರಳನ್ನು ಸೀಳಿತು.

ಗಿಡಗಳಿಗೆ ನೀರು ಬಿಡುತ್ತಿದ್ದ ತೋಟದ ಭರಮಪ್ಪ ಪೈಪು ಬಿಟ್ಟು ಗೋಡೆಯ ಮೇಲಿಂದ ಬಗ್ಗಿದ. ಕುಷ್ಟಗಿ ಕಡೆಯ ಮುದುಕ, ಅವಳನ್ನು ತಂಗಿ ಎಂದೇ ಕರೆಯುವವನು.

"ಏನಾತು ತಂಗಿ? ಕೈ ಕೊಡಿಲ್ಲೆ." ತುಳಸಿ ಗಿಡಕ್ಕೆ ಹಚ್ಚಲು ಇಟ್ಟುಕೊಂಡಿದ್ದ ಅರಿಸಿನದ ಪೊಟ್ಟಣ ಅವನ ಜೇಬಿನಲ್ಲೇ ಇತ್ತು. ಒಂದು ಚಿಟಿಕೆ ತೆಗೆದು ಗಾಯಕ್ಕೆ ಒತ್ತಿದ. ರಕ್ತ ನಿಂತಿತು.

ಸುಮಂಗಲಾ ಮತ್ತೆ ಗೋಡೆಗೆ ಮರಳಿ, ಎರಡು ಕಲ್ಲುಗಳ ನಡುವಿನ ಒದ್ದೆ ಸಂದನ್ನು ಬೆರಳಿನಿಂದ ಸವರಿದಳು. ಕಲ್ಲಿನ ಮೇಲೆ ಕೆಂಪು ಗೆರೆ ಮೂಡಿತು. 'ಮತ್ತ ರಕ್ತ ಬಂತಲ್ಲ' ಎಂದುಕೊಂಡು ಬೆರಳು ನೋಡಿದಳು. ಗಾಯ ಮುಚ್ಚಿತ್ತು, ಹನಿ ರಕ್ತವೂ ಇರಲಿಲ್ಲ. ಆದರೆ ಗೋಡೆಯ ಮೇಲಿನ ಗೆರೆ ಕೆಂಪಾಗಿಯೇ ಇತ್ತು, ನೋಡನೋಡುತ್ತಿದ್ದಂತೆ ಇನ್ನೂ ಗಾಢವಾಗುತ್ತಿತ್ತು.

ಮದುಮಕ್ಕಳು ಬಾಗಿಲಿಗೆ ಬಂದಾಗ ಆರತಿ ತಟ್ಟೆಗೆ ಎಷ್ಟು ಸಲ ಅವಳೇ ನೀರು ಕಲೆಸಿಲ್ಲ! ಅರಿಸಿನದ ನೀರು ಹಳದಿ. ಅದಕ್ಕೆ ಚೂರು ಸುಣ್ಣ ಹಾಕಿದರೆ ಕೆಂಪು.

"ಅಣ್ಣಾ! ಭರಮಪ್ಪಣ್ಣಾ! ಆ ಪೊಟ್ಟಣ ಇಲ್ಲಿ ಕೊಡು, ಪೂರ್ತಿ ಕೊಡು!"

ಒಂದು ಚಿಟಿಕೆ ಅರಿಸಿನವನ್ನು ಅಂಗೈಯಲ್ಲಿಟ್ಟು ಕೊಳದ ನೀರು ಹನಿಸಿದಳು. ಹಳದಿ. ಮಾಮೂಲಿನ ಹಳದಿ. ಪಡುವಣ ಬದಿಗೆ ಓಡಿ ಅಲ್ಲಿನ ಒದ್ದೆ ಕಲ್ಲಿಗೆ ಹಚ್ಚಿದಳು. ಅಲ್ಲೂ ಹಳದಿ. ಓಡಿ ಬಂದು ಮೂಡಣ ಗೋಡೆಯ ಸಂದಿಗೆ ಹಚ್ಚಿದಳು. ಕೆಂಪು! ಅವಳು ನಗುತ್ತಿದ್ದಳು. ಕೊಳದ ನೀರಲ್ಲ ಇದು. ಇದು ಗೋಡೆಯ ಒಳಗಿನಿಂದ, ಸಿಮೆಂಟಿನ ನಡುವಿನಿಂದ, ಅಲ್ಲಿನ ಸುಣ್ಣವನ್ನು ಕರಗಿಸಿಕೊಂಡು ಹೊರಬರುವ ನೀರು. ಹೊರಗೆ ಬಂದು ಒಣಗಿದ ಕೂಡಲೇ ಕಲ್ಲಿನ ಮೇಲೆ ಬಿಳಿಯಾಗಿ ಕೂರುತ್ತದೆ.

ನರೇಶನನ್ನು ಕರೆದಳು. ನರೇಶ ಬಂದು ನೋಡಿ, ಬಾಯಿ ಮೇಲೆ ಕೈಯಿಟ್ಟುಕೊಂಡು ರಕ್ಷಿತಾಳನ್ನು ಕರೆದ. ಅಡುಗೆ ಮನೆಗಳಿಂದ ಅರಿಸಿನದ ಡಬ್ಬಿಗಳು ಬಂದವು. ಅಷ್ಟರಲ್ಲಿ ಶಾಲೆಯ ಬಸ್ಸುಗಳೂ ಬಂದವು. ಬ್ಯಾಗು ಹೊತ್ತ ಮಕ್ಕಳೆಲ್ಲ ಮನೆಗೆ ಹೋಗುವುದನ್ನು ಬಿಟ್ಟು ಕೊಳದ ಸುತ್ತ ಸೇರಿದರು. ರಕ್ಷಿತಾ ಸೀಮೆಸುಣ್ಣ ಹಿಡಿದು ಗೋಡೆಯ ಸಂದುಗಳಿಗೆ ಒಂದರಿಂದ ನಲವತ್ತರವರೆಗೆ ಸಂಖ್ಯೆ ಬರೆದಳು. ಸುಮಂಗಲಾ ಒಂದೊಂದೇ ಸಂದಿಗೆ ಅರಿಸಿನ ಹಚ್ಚುತ್ತಾ ಹೋದಳು. ಹಿಂದೆ ಮಕ್ಕಳ ಮೆರವಣಿಗೆ.

"ಹದಿನೇಳು?"

"ಹಳದೀ..." ಎಂದು ಮಕ್ಕಳು ರಾಗ ಎಳೆದರು.

"ಹದಿನೆಂಟು?"

"ಹಳದೀ..."

"ಹತ್ತೊಂಬತ್ತು?"

ಹಳದಿಯ ಅಂಚು ಕಿತ್ತಳೆಗೆ ತಿರುಗಿ, ಕಿತ್ತಳೆ ಕೆಂಪಾಯಿತು.

"ಕೆಂಪೂ!" ಕೊಳದ ನೀರೇ ಅಲುಗಿತೇನೋ ಎನ್ನುವಷ್ಟು ಜೋರಾಗಿ ಕೂಗಿದರು. ಮಹಡಿಗಳ ಬಾಲ್ಕನಿಗಳಲ್ಲಿ ತಲೆಗಳು ಕಾಣಿಸಿಕೊಂಡವು.

ಹತ್ತೊಂಬತ್ತರಿಂದ ಮೂವತ್ತೊಂದರವರೆಗೆ ಕೆಂಪು. ಇಪ್ಪತ್ತಾರರ ಹತ್ತಿರ ಎಲ್ಲಕ್ಕಿಂತ ಕಡುಗೆಂಪು, ಕುಂಕುಮದ ಹಾಗೆ. ಮೂವತ್ತೆರಡರಿಂದ ಮತ್ತೆ ಹಳದಿ. ಸುಮಂಗಲಾ ತಲೆಯೆತ್ತಿ ನೋಡಿದಳು. ಸರಿಯಾಗಿ ಇಪ್ಪತ್ತಾರರ ಹಿಂದೆ ಭರಮಪ್ಪನ ಕಾಬಾಳೆ ಗಿಡಗಳು ಆಳೆತ್ತರ ಬೆಳೆದು ನಿಂತಿದ್ದವು.

ಭರಮಪ್ಪನೂ ಅದನ್ನೇ ನೋಡುತ್ತಿದ್ದ. ಅವನ ಮುಖ ಬಾಡಿತು. ಮಕ್ಕಳ ಗದ್ದಲದ ನಡುವೆ ಅವಳಿಗಷ್ಟೇ ಕೇಳುವಂತೆ ಹೇಳಿದ: "ತಂಗಿ, ಅದು ನಾ ಬಿಡೋ ನೀರ. ದಿನಾ ಎರಡು ಹೊತ್ತು ಬಿಡ್ತೇನಿ. ತಪ್ಪು ನಂದ ಅಂತಾರ ಈಗ."

ಸುಮಂಗಲಾಳ ಸಂಭ್ರಮ ಅರ್ಧಕ್ಕೇ ನಿಂತಿತು. ಗಾಯಕ್ಕೆ ಅರಿಸಿನ ಒತ್ತಿದ ಮನುಷ್ಯನನ್ನೇ ತಾನು ಸಿಕ್ಕಿಸಿಹಾಕಿದೆನೇ? ಅನುಸೂಯಮ್ಮ ಮೆಟ್ಟಿಲಿಳಿದು ಬರುತ್ತಿದ್ದರು, ಅವರ ಹಿಂದೆ ಶಶಿಕುಮಾರ್. ಅವಳು ಸೆರಗು ಸಿಕ್ಕಿಸಿ ಗೋಡೆ ಹತ್ತಿ, ಕಾಬಾಳೆ ಬುಡಕ್ಕೆ ಕೈ ಹಾಕಿದಳು. ಮಣ್ಣಿರಲಿಲ್ಲ, ಗಂಜಿ. ಮೊಣಕೈಯವರೆಗೆ ಕೈ ಇಳಿಯಿತು.

"ಗಿಡಕ್ಕ ನೀರು ಹಾಕೂದು ತಪ್ಪಲ್ಲಣ್ಣ," ಎಂದಳು. ಎಲ್ಲರಿಗೂ ಕೇಳಲೆಂದೇ ಗಟ್ಟಿಯಾಗಿ. "ನೀರು ಹೊರಗ ಹೋಗಾಕ ದಾರಿ ಇರಬೇಕಲ್ಲ? ಕಟ್ಟಿಸಿದವರು ಬಿಟ್ಟಿರಲೇಬೇಕು. ಎಲ್ಲೈತಿ ಅದು? ನೆನಪು ಮಾಡ್ಕೊ."

ಭರಮಪ್ಪ ಹಣೆ ತಿಕ್ಕಿಕೊಂಡ. "ಇದ್ವು. ಕಟ್ಟಿಯ ಬುಡದಾಗ ಮೂರು ತೂತು ಇದ್ವು ನೋಡು. ಗಟಾರಿನ ಕಡೆ ನೀರು ಬರ್ತಿತ್ತು. ಈಗ ಕಾಣವಲ್ವು."

"ಎರಡು ವರ್ಷದ ಹಿಂದಿನ ಫೋಟೋ ನನ್ನ ಹತ್ರ ಇದೆ!" ರಕ್ಷಿತಾ ಮೊಬೈಲ್ ತೆಗೆದು ಬೆರಳಾಡಿಸಿದಳು. ಮಕ್ಕಳು ಅವಳ ಭುಜದ ಮೇಲೆ, ತೋಳಿನ ಕೆಳಗೆ ತಲೆ ತೂರಿಸಿದರು. ಮೊದಲ ತಂಡದ ಮಕ್ಕಳು ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಚಿತ್ರ. ಅವರ ಕಾಲುಗಳ ನಡುವೆ, ಕಟ್ಟೆಯ ಬುಡದಲ್ಲಿ, ಕಪ್ಪಗೆ ದುಂಡಗೆ ಒಂದು ಪೈಪಿನ ಬಾಯಿ. ಮುಂದೆ ಇನ್ನೊಂದು. ಮೂಲೆಯಲ್ಲಿ ಮೂರನೆಯದು.

ಎಲ್ಲರೂ ಈಗಿನ ಕಟ್ಟೆಯನ್ನು ನೋಡಿದರು. ಅಲ್ಲಿ ತೂತುಗಳೇ ಇರಲಿಲ್ಲ. ನುಣ್ಣನೆಯ ಸಿಮೆಂಟು, ಮೇಲೆ ಬೂದು ಬಣ್ಣ.

ಶಶಿಕುಮಾರ್ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಏನನ್ನಿಸಿತೋ, ಮುಂದೆ ಬಂದ. "ಮೇಡಂ, ಹೋದ ವರ್ಷ ಪೇಂಟಿಂಗ್ ಕೆಲಸದಲ್ಲಿ ನಮ್ಮವರೇ ಮುಚ್ಚಿದ್ದು. ನೋಡೋಕೆ ಚೆನ್ನಾಗಿರಲ್ಲ ಅಂತ ನಾನೇ ಹೇಳಿದ್ದೆ. ಅದು ಯಾತಕ್ಕಿದೆ ಅಂತ ಕೇಳಲಿಲ್ಲ." ಮಾತು ಮುಗಿಸಿ ಅನುಸೂಯಮ್ಮನ ಉತ್ತರಕ್ಕೂ ಕಾಯದೆ, ಬೂಟು ಕಳಚಿ, ಪ್ಯಾಂಟು ಮಡಚಿ, ನರೇಶನ ಕೈಯಿಂದ ಸುತ್ತಿಗೆ, ಉಳಿ ಕಿತ್ತುಕೊಂಡ. "ಎಲ್ಲಿ ಹೊಡೀಲಿ, ಹೇಳಕ್ಕ."

ಸುಮಂಗಲಾ ಫೋಟೋ ನೋಡಿ, ಗೇಣು ಹಾಕಿ ಅಳೆದು, ಅರಿಸಿನದಲ್ಲಿ ಒಂದು ಬೊಟ್ಟಿಟ್ಟಳು. "ಇಲ್ಲೇ ಹೊಡೀರಿ. ಮೆಲ್ಲಗ. ಕಲ್ಲಿಗೆ ತಾಗಬಾರದು."

ಹತ್ತು ಏಟಿಗೆ ಸಿಮೆಂಟು ಬಿರಿಯಿತು. ಹದಿನೈದನೆಯ ಏಟಿಗೆ ಉಳಿ ಒಳಕ್ಕೆ ಜಾರಿತು. ಶಶಿಕುಮಾರ್ ಅದನ್ನು ಎಳೆದದ್ದೇ ತಡ, ಕೆಸರು ನೀರು ಬುರ್ರೆಂದು ಚಿಮ್ಮಿ ಅವನ ಎದೆಗೆ, ಮುಖಕ್ಕೆ ಹೊಡೆಯಿತು. ಮಕ್ಕಳು ಕಿರುಚಿದರು, ಕುಣಿದರು. ಮೇಲಿನ ಬಾಲ್ಕನಿಗಳಿಂದ ಚಪ್ಪಾಳೆ. ಒಂದು ವರ್ಷ ಕಟ್ಟಿಕೊಂಡಿದ್ದ ನೀರು ಗಟಾರಿನ ಕಡೆ ಹರಿಯುತ್ತಲೇ ಇತ್ತು. ಎರಡನೆಯ ತೂತು, ಮೂರನೆಯ ತೂತು. ಭರಮಪ್ಪ ಗೋಡೆಯ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಗುತ್ತಿದ್ದ. ಕಣ್ಣಲ್ಲಿ ನೀರು ಬಂದದ್ದು ಅವನಿಗೇ ಗೊತ್ತಾಗಲಿಲ್ಲ.

ಅನುಸೂಯಮ್ಮ ಕೈಗಡಿಯಾರ ನೋಡಿದರು. "ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ," ಎಂದರು. "ಸರಿ, ಮುಂದೇನು ಮಾಡಬೇಕು ಹೇಳು ಸುಮಂಗಲಾ. ಈಗ ನೀನೇ ಹೇಳಬೇಕು."

ಆ ಮಾತು ಅವಳ ಕಿವಿಯಲ್ಲಿ ಪಟ್ಟಂದೂರು ಅಗ್ರಹಾರದ ತನ್ನ ಕೋಣೆಯವರೆಗೂ ಕೇಳುತ್ತಲೇ ಇತ್ತು. ಗಂಡ ಈಶಪ್ಪ ಕಟ್ಟಡದ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ಹೇಳಲು ಶುರುಮಾಡಿದಳು. ಆರತಿ ನೀರಿನ ಮಾತು ಬಂದಾಗ ಈಶಪ್ಪ ತೊಡೆ ತಟ್ಟಿಕೊಂಡು ನಕ್ಕ. ಊರಿನಿಂದ ತಂದ ಪಾಲಿಶ್ ಕಲ್ಲುಗಳನ್ನು ಟ್ರಂಕಿನಿಂದ ತೆಗೆದುಕೊಟ್ಟ. ಶನಿವಾರ ರಜೆ ಹಾಕಿ ತಾನೂ ಬರುತ್ತೇನೆಂದ.

ಗುರುವಾರದಿಂದ ಕೆಲಸ. ಕೊಳದ ಅಂಚಿಗೆ ಟಾರ್ಪಾಲ್ ಹಾಸಿದರು, ಪುಡಿ ನೀರಿಗೆ ಬೀಳಬಾರದೆಂದು. ಸುಮಂಗಲಾ ಎಂಟು ಜನರಿಗೆ ಉಳಿ ಹಿಡಿಯುವುದನ್ನು ಕಲಿಸಿದಳು. ಅದರಲ್ಲಿ ಐವರು ಅವಳ ಜೊತೆ ನೆಲ ಒರೆಸುವ ಹೆಂಗಸರು, ಇಬ್ಬರು ಶಶಿಕುಮಾರನ ಆಳುಗಳು, ಒಬ್ಬ ಖುದ್ದು ಶಶಿಕುಮಾರ್. "ಉಳಿ ನಿಲ್ಲಸಬ್ಯಾಡ್ರಿ, ಮಲಗಸ್ರಿ. ಕಲ್ಲು ತೋಯಿಸಿ ಕೆಲಸ ಮಾಡ್ರಿ. ಸುಣ್ಣ ತಾನ ಬಿಡ್ತೈತಿ, ನೀವು ಜಗ್ಗಬ್ಯಾಡ್ರಿ." ದಪ್ಪ ಪದರ ಎದ್ದ ಮೇಲೆ ಉಳಿದ ತೆಳು ಪೊರೆಯನ್ನು ನೀರು ಹಾಕಿ ಹಾಕಿ ಉಜ್ಜಿದರು, ಮೊದಲು ಒರಟು ಕಲ್ಲು, ಆಮೇಲೆ ನಯ, ಆಮೇಲೆ ಇನ್ನೂ ನಯ. ಒಬ್ಬ ಹೆಂಗಸು ಜೋರಾಗಿ ಒತ್ತಿದರೆ ಸುಮಂಗಲಾ ಅವಳ ಕೈ ಮೇಲೆ ಕೈಯಿಟ್ಟು ತೂಕ ತೋರಿಸುತ್ತಿದ್ದಳು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಗೋಡೆ ಅರ್ಧ ಕಪ್ಪು, ಅರ್ಧ ಬಿಳಿ. ಆ್ಯಸಿಡ್ ಬಿದ್ದ ಮೂಲೆಯನ್ನು ಅವಳೊಬ್ಬಳೇ ಎರಡು ಗಂಟೆ ತಿಕ್ಕಿದಳು. ಬಣ್ಣ ಮುಕ್ಕಾಲು ಮರಳಿತು. ನುಣುಪು ಪೂರ್ತಿ ಬರಲಿಲ್ಲ. ಬರುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಈಶಪ್ಪ ಬಂದ. ಗಂಡ ಹೆಂಡತಿ ಪಕ್ಕಪಕ್ಕ ಕೂತು ಕೊನೆಯ ಹನ್ನೆರಡು ಅಡಿ ಮುಗಿಸಿದರು. ಸಂಜೆ ನಾಲ್ಕೂವರೆಗೆ ರಕ್ಷಿತಾ ಪೈಪು ಹಿಡಿದು ಇಡೀ ಗೋಡೆಗೆ ನೀರು ಬಿಟ್ಟಳು. ಧೂಳು ಇಳಿದು ಹೋಯಿತು. ಅರವತ್ತಡಿ ಉದ್ದಕ್ಕೂ ಕಪ್ಪುನೀಲಿ ಕಲ್ಲು, ಅದರ ತುಂಬ ಬಿಳಿ ನರಗಳು, ಒಂದೆಡೆ ತಿಳಿಗುಲಾಬಿಯ ಒಂದು ಎಳೆ.

"ಇಷ್ಟು ಚೆಂದ ಇತ್ತಾ ಇದು!" ಎಂದ ನರೇಶ. "ಐದು ವರ್ಷದಿಂದ ಇಲ್ಲೇ ಇದ್ದೀನಿ ಗುರು, ನಾನು ನೋಡೇ ಇಲ್ಲ."

ಸುಮಂಗಲಾ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಸವರುತ್ತಾ ನಡೆದು ಹೋದಳು, ಮತ್ತೆ ಸವರುತ್ತಾ ಮರಳಿ ಬಂದಳು.

ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲ ಕೊಳದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಬಣ್ಣಬಣ್ಣದ ಟೋಪಿಗಳು, ಸೀಟಿಗಳು, ಇಡ್ಲಿ ಕಟ್ಟಿಕೊಂಡು ಬಂದ ಅಜ್ಜಿಯರು. ಕಟ್ಟೆಯ ಮೇಲೆ ಮಕ್ಕಳು ಬರಿಗಾಲಲ್ಲಿ ಓಡಾಡಿದರು, ಯಾರೂ ಬೇಡವೆನ್ನಲಿಲ್ಲ. ಅನುಸೂಯಮ್ಮ ಮೈಕು ಹಿಡಿದು ಸುಮಂಗಲಾಳ ಹೆಸರು ಹೇಳಿದರು, ಭರಮಪ್ಪನ ಹೆಸರು ಹೇಳಿದರು. ಇಬ್ಬರೂ ಎಲ್ಲಿ ಅಡಗಬೇಕೆಂದು ತಿಳಿಯದೆ ಒಬ್ಬರ ಹಿಂದೆ ಒಬ್ಬರು ನಿಲ್ಲಲು ನೋಡಿದರು.

ನಡುವಿನ ಬಿಡುವಿನಲ್ಲಿ ಶಶಿಕುಮಾರ್ ಎರಡು ಲೋಟ ಕಾಫಿ ತಂದ. "ಅಕ್ಕ, ವೈಟ್‌ಫೀಲ್ಡಲ್ಲಿ ಇನ್ನೊಂದು ಕಡೆ ಇಂಥದ್ದೇ ಪ್ರಾಬ್ಲಮ್ ಇದೆ. ಪೂಲ್ ಪಕ್ಕದ ಮೆಟ್ಟಿಲು ಪೂರ್ತಿ ಬೆಳ್ಳಗಾಗಿದೆ. ನನ್ನ ಜೊತೆ ಬಂದು ನೋಡ್ತೀರಾ? ಕೂಲಿಗಲ್ಲ, ನೋಡಿ ಹೇಳೋಕೆ. ನೀವು ಹೇಳಿದ ಹಾಗೆ ನಾವು ಮಾಡ್ತೀವಿ."

ಬುಧವಾರದವರೆಗೆ ಅವನು ಅವಳನ್ನು 'ಏಯ್' ಎಂದು ಕರೆಯುತ್ತಿದ್ದ. ಅವಳು ಕಾಫಿ ಗುಟುಕರಿಸಿ ಯೋಚಿಸಿದಳು. "ಭರಮಪ್ಪಣ್ಣನೂ ಬರಬೇಕ್ರಿ. ನೀರಿನ ದಾರಿ ಅವರಿಗೆ ತಿಳೀತೈತಿ, ಕಲ್ಲು ನಂಗ ತಿಳೀತೈತಿ. ನರೇಶ್ ಸರ್ ರಜಾ ಕೊಟ್ರ ನಾಳೆ ಹತ್ತಕ್ಕ ಬರ್ತೀವಿ."

"ಕೊಟ್ಟಾಯ್ತು," ಎಂದು ಹಿಂದಿನಿಂದ ನರೇಶ ಕೂಗಿದ.

ಅಷ್ಟರಲ್ಲಿ ಕೊನೆಯ ಸ್ಪರ್ಧೆಗೆ, ರಿಲೇಗೆ, ಸೀಟಿ ಬಿತ್ತು. ನಾಲ್ಕು ತಂಡ, ತಂಡಕ್ಕೆ ನಾಲ್ಕು ಮಕ್ಕಳು. ಇವರ ಅಪಾರ್ಟ್‌ಮೆಂಟಿನ ತಂಡ ಮೂರನೆಯ ಸ್ಥಾನದಲ್ಲಿತ್ತು. ಆ ತಂಡದಿಂದ ಕೊನೆಯದಾಗಿ ನೀರಿಗೆ ಹಾರಿದ್ದು ಹಸಿರು ಟೋಪಿಯ ಒಬ್ಬ ಸಣಕಲು ಹುಡುಗಿ. ಅವಳು ಯಾರ ಮಗಳು, ಯಾವ ಮಹಡಿಯವಳು, ಸುಮಂಗಲಾಳಿಗೆ ತಿಳಿಯದು. ಹುಡುಗಿ ಒಬ್ಬನನ್ನು ಹಿಂದೆ ಹಾಕಿದಳು. ಮುಂದಿನವಳ ಕಾಲಿನ ನೊರೆಯ ಹತ್ತಿರ ಬಂದಳು. ಸುಮಂಗಲಾ ಕಾಫಿ ಲೋಟವನ್ನು ಶಶಿಕುಮಾರನ ಕೈಗೆ ತುರುಕಿ, ಕಟ್ಟೆಯ ಮೇಲೆ ಜಿಗಿದು ನಿಂತು, ಎರಡೂ ಕೈ ಮೇಲೆತ್ತಿ ಕೂಗಿದಳು:

"ಹೊಡಿಯವ್ವ! ಹೊಡಿ! ಬಿಡಬ್ಯಾಡ, ಇನ್ನ ನಾಕ ಕೈ ಅಷ್ಟ! ಹೊಡಿಯವ್ವಾ!"